ಮನೆಯಲ್ಲೇ ಗರಿಗರಿಯಾದ ಮಾಂಸದ ತಿನಿಸು: ದಂಪತಿಗಳಿಗೆ ನಾಲ್ಕು ಮಾತು



ಆರೋಗ್ಯ ಇಲಾಖೆಯವರು ಕಬಾಬು ಕರಿಯುವ ವಿಚಾರವನ್ನು ಹೇಳಲು ಹೊರಟಿದ್ದಾರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಿಯಲ್ಲಿಡುವುದು ಮಾತ್ರ ಎಂಬ ಭಾವನೆ ಹಲವರಲ್ಲಿದೆ. ಅದು ಪೂರ್ತಿ ಸರಿಯಲ್ಲ. ಮನೆಯಲ್ಲಿ ಏನು ಬೇಯುತ್ತದೆ, ಬೆಂದದ್ದು ಯಾರ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದೂ ಕುಟುಂಬ ಕಲ್ಯಾಣದ ಮಾತೇ ಆಗಿದೆ. ಆದ್ದರಿಂದ ಎಲ್ಲರೂ ಆಸೆಪಟ್ಟು ತಿನ್ನುವ ಒಂದು ತಿನಿಸನ್ನೇ ಈ ದಿನ ಮಾತಿಗೆ ಎತ್ತಿಕೊಂಡಿದ್ದೇನೆ.

ಸಂಜೆಯ ತಳ್ಳುಗಾಡಿ

ನಿಮ್ಮಲ್ಲಿ ಅನೇಕರು ಕನಕಪುರ, ಹಾರೋಹಳ್ಳಿ, ಆನೇಕಲ್ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಕೆಲಸಕ್ಕಾಗಿ ಹೋಗಿಬರುವವರು. 1948ರಲ್ಲಿ ತಲೆಯೆತ್ತಿದ ಜಯನಗರ, ಅದರಾಚೆಯ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ನಿಮಗೆ ಹೊಸವಲ್ಲ. ಬಿ.ಟಿ.ಎಂ. ಎಂಬ ಮೂರಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನಿಂದ ಬಂದವು. ನಿಮ್ಮ ಊರಿನಂತೆಯೇ ಅವೂ ಒಂದು ಕಾಲಕ್ಕೆ ಹೊಲ, ಕೆರೆ, ತೋಟಗಳಿದ್ದ ಹಳ್ಳಿಗಳು.

ಈ ಬಡಾವಣೆಗಳಲ್ಲಿ ಕತ್ತಲಾಗುವ ಹೊತ್ತಿಗೆ ಬಸ್ಸು ನಿಲ್ಲುವ ಕಡೆಗಳಲ್ಲಿ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ದೊಡ್ಡ ಬಾಣಲೆಯಲ್ಲಿ ಕೋಳಿಯ ತುಂಡುಗಳು ಕೆಂಪಗೆ ಕುದಿಯುತ್ತವೆ. ಕರಿಬೇವಿನ ವಾಸನೆ ರಸ್ತೆಯಾಚೆಗೂ ಹಬ್ಬುತ್ತದೆ. ದಿನವಿಡೀ ಗಾರೆ ಹೊತ್ತ, ಕಂಬಿ ಕಟ್ಟಿದ ಮನುಷ್ಯನಿಗೆ ಹಸಿವಾಗಿರುತ್ತದೆ, ಜೇಬಿನಲ್ಲಿ ಆ ದಿನದ ಕೂಲಿಯೂ ಇರುತ್ತದೆ. ಒಂದು ತಟ್ಟೆ ತಿಂದು ಬಸ್ಸು ಹತ್ತುತ್ತಾನೆ. ಅದರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ. ಕಟ್ಟಿಸಿಕೊಂಡು ಹೋದರೆ ಊರು ತಲುಪುವಷ್ಟರಲ್ಲಿ ಅದು ತಣ್ಣಗಾಗಿ ಮೆತ್ತಗಾಗುತ್ತದೆ ಎಂಬ ಮಾತೂ ನಿಜವೇ.

ಆದರೆ ಇದರ ಫಲವೇನೆಂದು ಸ್ವಲ್ಪ ಯೋಚಿಸಿರಿ. ವಾರದಲ್ಲಿ ಎರಡು ಮೂರು ಬಾರಿ ಮನೆಯ ಒಬ್ಬರಿಗೆ ಮಾಂಸ ದೊರೆಯಿತು. ಮನೆಯಲ್ಲಿ ಬಸುರಿ ಹೆಂಡತಿಗೆ, ಬೆಳೆಯುವ ಮಗಳಿಗೆ, ಹಾಲು ಬಿಟ್ಟ ಮಗುವಿಗೆ ಮುದ್ದೆ ಮತ್ತು ತಿಳಿಸಾರೇ ಉಳಿಯಿತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಿಗೆ ಇಬ್ಬರಂತೆ ಈ ತೊಂದರೆ ಇದೆ. ಗಂಡಸರಲ್ಲಿ ಮಾತ್ರ ಐವರಿಗೆ ಒಬ್ಬರಂತೆ. ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ ಬದುಕುವವರಲ್ಲಿ ಇಷ್ಟು ಅಂತರವೇಕೆ? ತಿಂಗಳ ಮುಟ್ಟು, ಹೆರಿಗೆ, ಮೊಲೆಯೂಡಿಕೆ, ಜಂತುಹುಳುವಿನ ಬಾಧೆ ಮೊದಲಾದ ಕಾರಣಗಳುಂಟು. ತಟ್ಟೆಯ ಪಾಲೂ ಅವುಗಳಲ್ಲೊಂದು.

ಆದ್ದರಿಂದ ನಾನು ಆ ತಿನಿಸನ್ನು ಬಿಡಿರಿ ಎಂದು ಹೇಳುವುದಿಲ್ಲ. ಅದನ್ನು ಮನೆಗೆ ತನ್ನಿರಿ ಎನ್ನುತ್ತೇನೆ. ಎರಡು ಮೂರು ಸಂಜೆ ತಳ್ಳುಗಾಡಿಗೆ ಕೊಡುವ ಹಣವನ್ನು ಕೂಡಿಸಿ ನೋಡಿರಿ. ಭಾನುವಾರ ಅರ್ಧ ಕಿಲೋ ಕೋಳಿಮಾಂಸ ತಂದು ಮನೆಮಂದಿಯೆಲ್ಲ ತಿನ್ನಲು ಅದು ಸಾಲುವುದೋ ಇಲ್ಲವೋ ಎಂಬ ಲೆಕ್ಕವನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು ಮಾಡಿರಿ.

ಬಣ್ಣಕ್ಕೆ ಮರುಳಾಗಬೇಡಿರಿ

ಅಂಗಡಿಯ ಕಬಾಬು ಕಣ್ಣು ಕುಕ್ಕುವಷ್ಟು ಕೆಂಪಗಿರುವುದು ಎಲ್ಲ ಸಲವೂ ಮೆಣಸಿನಕಾಯಿಯಿಂದಲ್ಲ. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯವರು ಪರೀಕ್ಷಿಸಿದ ಕಬಾಬಿನ 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಯ್ಸಿನ್ ಎಂಬ ಕೃತಕ ಬಣ್ಣಗಳು ಕಂಡುಬಂದವು. ಆ ವರ್ಷದ ಜೂನ್ ತಿಂಗಳಲ್ಲಿ ಕೋಳಿ, ಮೀನು ಮತ್ತು ತರಕಾರಿಯ ಕಬಾಬುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ಸರ್ಕಾರವು ರಾಜ್ಯಾದ್ಯಂತ ನಿಷೇಧಿಸಿತು. ಅದಕ್ಕೆ ಮೂರು ತಿಂಗಳ ಹಿಂದೆ, ಮಾರ್ಚ್ ತಿಂಗಳಲ್ಲಿ, ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವನ್ನು ಗೋಬಿ ಮಂಚೂರಿ ಹಾಗೂ ಬೊಂಬಾಯಿ ಮಿಠಾಯಿಗಳಲ್ಲಿ ಬಳಸುವುದು ನಿಷಿದ್ಧವಾಗಿತ್ತು.

ಬಣ್ಣವೇ ಬೇಕೆನ್ನುವವರಿಗೆ ನಮ್ಮ ನಾಡಿನಲ್ಲೇ ಬ್ಯಾಡಗಿ ಮೆಣಸಿನಕಾಯಿ ಇದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಐದಾರು ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು ಹಾಕಿದರೆ ಯಾವ ಪುಡಿಯ ಹಂಗೂ ಬೇಕಿಲ್ಲ. ಮನೆಯ ಕಬಾಬು ಅಂಗಡಿಯದಕ್ಕಿಂತ ಸ್ವಲ್ಪ ಕಂದಾಗಿ ಕಂಡರೆ ಅದು ಕೊರತೆಯೆಂದು ತಿಳಿಯಬಾರದು.

ಮಾಡುವ ವಿಧಾನ

ಬೇಕಾಗುವ ಪದಾರ್ಥಗಳು: ಸಣ್ಣ ತುಂಡುಗಳಾಗಿ ಕತ್ತರಿಸಿದ ಕೋಳಿಮಾಂಸ ಅರ್ಧ ಕಿಲೋ, ಕೋಳಿಮೊಟ್ಟೆ ಒಂದು, ಅಕ್ಕಿಹಿಟ್ಟು ಎರಡು ದೊಡ್ಡ ಚಮಚ, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ದೊರೆಯುವ ಬಿಳಿಯ ಹಿಟ್ಟು ಎರಡು ದೊಡ್ಡ ಚಮಚ, ಶುಂಠಿ ಬೆಳ್ಳುಳ್ಳಿ ಅರೆದದ್ದು ಒಂದು ದೊಡ್ಡ ಚಮಚ, ಅರೆದ ಬ್ಯಾಡಗಿ ಮೆಣಸಿನಕಾಯಿ, ಚಿಟಿಕೆ ಅರಿಸಿನ, ಅರ್ಧ ನಿಂಬೆಹಣ್ಣಿನ ರಸ, ಮುಕ್ಕಾಲು ಚಹಾ ಚಮಚ ಉಪ್ಪು, ಎರಡು ಎಸಳು ಕರಿಬೇವು, ಕರಿಯಲು ಎಣ್ಣೆ ಕಾಲು ಲೀಟರ್.

ಮಾಂಸವನ್ನು ತಂದ ಕೂಡಲೇ ಬಳಸುವುದು ಉತ್ತಮ. ಹರಿಯುವ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿರಿ. ಸಿಡಿಯುವ ಹನಿಗಳೊಡನೆ ರೋಗಾಣುಗಳು ಅಕ್ಕಪಕ್ಕದ ಪಾತ್ರೆಗಳಿಗೂ ಹಾರುತ್ತವೆ. ತೊಳೆಯಲೇಬೇಕೆಂದಿದ್ದರೆ ಪಾತ್ರೆಯಲ್ಲಿ ನೀರು ತೆಗೆದುಕೊಂಡು ಮೆಲ್ಲಗೆ ತೊಳೆದು ಆ ನೀರನ್ನು ದೂರ ಚೆಲ್ಲಿರಿ. ಹಸಿಮಾಂಸ ಕತ್ತರಿಸಿದ ಮಣೆಯ ಮೇಲೆಯೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದು ತಪ್ಪು. ಮಣೆ, ಚಾಕು, ಕೈಗಳನ್ನು ಸಾಬೂನಿನಿಂದ ತೊಳೆದ ಬಳಿಕವೇ ಬೇರೆ ಕೆಲಸ.

ಮಾಂಸದ ನೀರನ್ನು ಚೆನ್ನಾಗಿ ಬಸಿದು, ಹಿಟ್ಟುಗಳನ್ನು ಬಿಟ್ಟು ಉಳಿದ ಮಸಾಲೆಯನ್ನೆಲ್ಲ ಸವರಿ ಅರ್ಧ ಗಂಟೆ ಮುಚ್ಚಿಡಿರಿ. ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಕರಿಯುವ ಮುನ್ನ ಮೊಟ್ಟೆ ಮತ್ತು ಹಿಟ್ಟುಗಳನ್ನು ಸೇರಿಸಿ ಕಲಸಿರಿ. ಕಲಸಿದ ಹಿಟ್ಟು ಬಜ್ಜಿಯ ಹಿಟ್ಟಿನಷ್ಟು ದಪ್ಪನೆಯ ಕವಚವಾಗಬಾರದು. ತುಂಡಿಗೆ ತೆಳುವಾಗಿ ಅಂಟಿಕೊಂಡಿದ್ದರೆ ಸಾಕು. ನೀರು ಹಾಕುವ ಅಗತ್ಯವೇ ಬೀಳುವುದಿಲ್ಲ.

ಗರಿಗರಿಯಾಗುವ ಗುಟ್ಟನ್ನು ತಿಳಿದರೆ ಕೈತಪ್ಪುವುದಿಲ್ಲ. ಕಾದ ಎಣ್ಣೆಗೆ ತುಂಡು ಬಿದ್ದೊಡನೆ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೊರಬೀಳುತ್ತದೆ. ನಾವು ಕಾಣುವ ಗುಳ್ಳೆಗಳು ಅವೇ. ನೀರು ಹೋದ ಜಾಗದಲ್ಲಿ ಹಿಟ್ಟು ಗಟ್ಟಿಯಾಗಿ ಸಣ್ಣ ಸಣ್ಣ ರಂಧ್ರಗಳುಳ್ಳ ಪದರವಾಗುತ್ತದೆ. ಆವಿ ಹೊರಗೆ ನುಗ್ಗುತ್ತಿರುವವರೆಗೆ ಎಣ್ಣೆ ಒಳಕ್ಕೆ ಹೆಚ್ಚು ಇಳಿಯದು. ಎಣ್ಣೆ ಸಾಕಷ್ಟು ಕಾಯದಿದ್ದರೆ ಆವಿಯ ಒತ್ತಡ ಕಡಿಮೆಯಾಗಿ, ಹಿಟ್ಟು ಮೆತ್ತಗೆ ಉಳಿದು ಎಣ್ಣೆ ಕುಡಿಯುತ್ತದೆ. ಅಕ್ಕಿಹಿಟ್ಟಿನಲ್ಲಿ ಮೈದಾಹಿಟ್ಟಿನಂಥ ಜಿಗುಟು ಇಲ್ಲವಾದ್ದರಿಂದ ಪದರವು ಹೆಚ್ಚು ಗರಿಯಾಗುತ್ತದೆ.

ಆದುದರಿಂದ ಎಣ್ಣೆ ಕಾದಿದೆಯೇ ಎಂದು ಒಂದು ಹನಿ ಹಿಟ್ಟು ಬಿಟ್ಟು ನೋಡಿರಿ. ಅದು ತಳಕ್ಕಿಳಿದು ತಕ್ಷಣ ಮೇಲೆದ್ದರೆ ಹದವಾಗಿದೆ. ಹೊಗೆಯಾಡಿದರೆ ಹದ ಮೀರಿದೆ. ಒಂದು ಸಲಕ್ಕೆ ಐದಾರು ತುಂಡುಗಳನ್ನು ಮಾತ್ರ ಬಿಡಿರಿ. ಹೆಚ್ಚು ತುಂಬಿದರೆ ಎಣ್ಣೆ ತಣ್ಣಗಾಗುತ್ತದೆ. ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ತಿರುವುತ್ತಾ ಬೇಯಿಸಿರಿ. ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಮುರಿದು ನೋಡಿರಿ. ಮೂಳೆಯ ಬಳಿ ಕೆಂಪು ಉಳಿಯದೆ, ಒಸರುವ ರಸ ತಿಳಿಯಾಗಿದ್ದರೆ ಬೆಂದಿದೆ ಎಂದರ್ಥ. ಹೊರಗೆ ಬಣ್ಣ ಬಂದಿತೆಂದು ಆತುರಪಟ್ಟು ತೆಗೆದರೆ ಹಸಿ ಕೋಳಿಯಲ್ಲಿರುವ ರೋಗಾಣುಗಳು ಉಳಿದು ವಾಂತಿ ಭೇದಿಗೆ ಕಾರಣವಾಗುತ್ತವೆ. ಕೊನೆಯಲ್ಲಿ ಕರಿಬೇವನ್ನು ಎಣ್ಣೆಗೆ ಬಿಟ್ಟು ಮೇಲೆ ಉದುರಿಸಿರಿ.

ಕರಿದ ತುಂಡುಗಳನ್ನು ಜಾಲರಿಯ ಮೇಲೆ ಹರಡಿರಿ. ಒಂದರ ಮೇಲೊಂದು ರಾಶಿ ಹಾಕಿದರೆ ಆವಿ ಒಳಗೇ ನಿಂತು ಮೆತ್ತಗಾಗುತ್ತವೆ. ಹಳೆಯ ವೃತ್ತಪತ್ರಿಕೆಯ ಮೇಲೆ ಹಾಕಲೇಬಾರದು. ಅಚ್ಚಿನ ಮಸಿ ಬಿಸಿ ಎಣ್ಣೆಯಲ್ಲಿ ಕರಗಿ ತಿನಿಸಿಗೆ ಹತ್ತುತ್ತದೆ. ಅಂಗಡಿಯವರು ತಿಂಡಿಯನ್ನು ವೃತ್ತಪತ್ರಿಕೆಯಲ್ಲಿ ಕಟ್ಟುವುದನ್ನೂ 2018ರ ನಿಯಮಗಳು ನಿಷೇಧಿಸಿವೆ.

ಮಾಂಸ ತಿನ್ನದ ಮನೆಗಳಲ್ಲಿ ಇದೇ ಹಿಟ್ಟಿಗೆ ಮೊಟ್ಟೆಯ ಬದಲು ಎರಡು ಚಮಚ ಗಟ್ಟಿ ಮೊಸರು ಹಾಕಿ ಪನೀರನ್ನೋ ಹೂಕೋಸನ್ನೋ ಕರಿಯಬಹುದು.

ಡಬ್ಬಿಯ ಮಾಂಸ ದೊರೆತಾಗ

ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ದೊಡ್ಡ ಅಂಗಡಿಗಳಲ್ಲಿ ತಗಡಿನ ಡಬ್ಬಿಯಲ್ಲಿ ಮುಚ್ಚಿದ ಮಾಂಸವೂ ಮೀನೂ ದೊರೆಯುತ್ತವೆ. ಕೊಲ್ಲಿ ದೇಶಗಳಿಂದ ಬರುವ ನೆಂಟರು ತರುವುದೂ ಉಂಟು. ಇದನ್ನು ಹೇಗೆ ಬಳಸಬೇಕೆಂದು ಕೇಳುವವರಿದ್ದಾರೆ.

ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಬಹುಕಾಲ ಕೆಡದೆಂಬುದನ್ನು ಫ್ರಾನ್ಸ್ ದೇಶದ ನಿಕೊಲಾ ಅಪೇರ್ ಎಂಬಾತ 1810ರಲ್ಲಿ ಲೋಕಕ್ಕೆ ತಿಳಿಸಿದ. ಆತ ಬಳಸಿದ್ದು ಗಾಜಿನ ಸೀಸೆ. ತಗಡಿನ ಡಬ್ಬಿ ಆಮೇಲೆ ಬಂದಿತು. ನಮ್ಮ ಮೈಸೂರಿನಲ್ಲೇ 1950ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ, 1961ರಲ್ಲಿ ಸೈನಿಕರ ಆಹಾರಕ್ಕಾಗಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಸ್ಥಾಪನೆಗೊಂಡವು. ಮಾಂಸದ ಡಬ್ಬಿಗಳನ್ನು ಕಾರ್ಖಾನೆಗಳಲ್ಲಿ ಒತ್ತಡದ ಆವಿಯಿಂದ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಏರಿಸುತ್ತಾರೆ. ಬರಿಯ ಕುದಿನೀರಿನ ಶಾಖಕ್ಕೆ ಸಾಯದ ಬೊಟುಲಿನಮ್ ಎಂಬ ರೋಗಾಣುವಿನ ಬೀಜಕಣಗಳು ಆ ಶಾಖಕ್ಕೆ ನಾಶವಾಗುತ್ತವೆ. ಈ ರೋಗಾಣುವು ಗಾಳಿಯಿಲ್ಲದ ಡಬ್ಬಿಯೊಳಗೆ ಬೆಳೆದರೆ ಉಸಿರಾಟವನ್ನೇ ನಿಲ್ಲಿಸಬಲ್ಲ ವಿಷವನ್ನು ಉಂಟುಮಾಡುತ್ತದೆ.

ಆದ್ದರಿಂದ ಮೊದಲು ಡಬ್ಬಿಯನ್ನು ನೋಡಿರಿ. ಊದಿದ, ಸೋರುವ, ತುಕ್ಕು ತೂತಾದ, ಅಂಚಿನಲ್ಲಿ ಜಜ್ಜಿದ ಡಬ್ಬಿಯನ್ನೂ ಅವಧಿ ಮೀರಿದ ಡಬ್ಬಿಯನ್ನೂ ಬಿಸಾಡಿರಿ. ತೆರೆದಾಗ ಒಳಗಿನದು ಚಿಮ್ಮಿದರೆ ಅಥವಾ ಕೆಟ್ಟ ವಾಸನೆ ಬಂದರೆ ರುಚಿ ನೋಡುವ ಗೋಜಿಗೇ ಹೋಗಬೇಡಿರಿ. ಹಣ ಹೋಯಿತೆಂಬ ಸಂಕಟಕ್ಕಿಂತ ಪ್ರಾಣ ದೊಡ್ಡದು.

ಡಬ್ಬಿ ಚೆನ್ನಾಗಿದ್ದರೆ ಕೆಲಸ ಸುಲಭ. ಒಳಗಿನ ಮಾಂಸ ಈಗಾಗಲೇ ಬೆಂದಿರುತ್ತದೆ. ಅರ್ಧ ಬೆರಳು ದಪ್ಪದ ಹೋಳುಗಳಾಗಿ ಕತ್ತರಿಸಿ, ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು, ಶುಭ್ರವಾದ ಬಟ್ಟೆಯಿಂದ ತೇವವನ್ನು ಒತ್ತಿರಿ. ಇದರಿಂದ ಮೇಲಿನ ಉಪ್ಪೂ ಜಿಡ್ಡೂ ಸ್ವಲ್ಪ ಇಳಿಯುತ್ತವೆ. ಹೋಳಿಗೆ ಮೊದಲು ಒಣ ಅಕ್ಕಿಹಿಟ್ಟನ್ನು ಸವರಿ, ಬಳಿಕ ಮೊಟ್ಟೆಯಲ್ಲಿ ಕಲಸಿದ ಹಿಟ್ಟಿನಲ್ಲಿ ಅದ್ದಿ ಕರಿಯಿರಿ. ಒಣಹಿಟ್ಟು ಸವರದಿದ್ದರೆ ನುಣುಪಾದ ಹೋಳಿನಿಂದ ಹಿಟ್ಟು ಜಾರಿ ಎಣ್ಣೆಯಲ್ಲಿ ಉಳಿಯುತ್ತದೆ. ಎರಡು ಮೂರು ನಿಮಿಷದಲ್ಲಿ ಹೊಂಬಣ್ಣ ಬಂದೊಡನೆ ತೆಗೆಯಿರಿ. ಹಿಟ್ಟಿಗೆ ಉಪ್ಪು ಹಾಕಲೇಬೇಡಿರಿ. ನೂರು ಗ್ರಾಂ ಡಬ್ಬಿಮಾಂಸದಲ್ಲಿ ಎರಡು ಗ್ರಾಂ ಮೀರಿದ ಉಪ್ಪಿರುವುದು ಸಾಮಾನ್ಯ. ಒಬ್ಬ ವ್ಯಕ್ತಿಗೆ ದಿನಕ್ಕೆ ಐದು ಗ್ರಾಂ ಉಪ್ಪಿಗಿಂತ ಹೆಚ್ಚು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಉಳಿದ ಮಾಂಸವನ್ನು ತೆರೆದ ಡಬ್ಬಿಯಲ್ಲೇ ಬಿಡದೆ ಸ್ಟೀಲಿನ ಪಾತ್ರೆಗೆ ಹಾಕಿ ಶೀತಪೆಟ್ಟಿಗೆಯಲ್ಲಿಟ್ಟು ಎರಡು ದಿನದೊಳಗೆ ಮುಗಿಸಿರಿ. ಶೀತಪೆಟ್ಟಿಗೆ ಇಲ್ಲದ ಮನೆಯವರು ಒಂದು ಹೊತ್ತಿಗೆ ಮುಗಿಯುವಷ್ಟು ಚಿಕ್ಕ ಡಬ್ಬಿಯನ್ನೇ ತರಬೇಕು. ಇನ್ನೊಂದು ಮಾತು. ಉಪ್ಪು, ರಾಸಾಯನಿಕಗಳಿಂದ ಸಂಸ್ಕರಿಸಿದ ಮಾಂಸವನ್ನು ನಿತ್ಯ ತಿನ್ನುವುದು ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಪ್ರಕಟಿಸಿದೆ. ಆದಕಾರಣ ಡಬ್ಬಿಯ ಮಾಂಸ ಅಪರೂಪದ ತಿನಿಸಾಗಿರಲಿ. ತಾಜಾ ಮಾಂಸ ದೊರೆಯುವ ಊರಿನಲ್ಲಿ ಅದೇ ಮೇಲು.

ಎಣ್ಣೆ ಮತ್ತು ಬೆಂಕಿ

ಒಮ್ಮೆ ಕರಿದ ಎಣ್ಣೆಯನ್ನು ಆರಿಸಿ, ಸೋಸಿ, ಮುಚ್ಚಿಟ್ಟು ಎರಡು ಮೂರು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿರಿ. ಹಳೆಯದಕ್ಕೆ ಹೊಸ ಎಣ್ಣೆ ಬೆರೆಸಿ ಮತ್ತೆ ಮತ್ತೆ ಕರಿಯಬಾರದು. ಪದೇ ಪದೇ ಕಾದ ಎಣ್ಣೆ ಒಡೆದು ಹೃದಯಕ್ಕೂ ರಕ್ತನಾಳಗಳಿಗೂ ಕೇಡು ಮಾಡುವ ವಸ್ತುಗಳಾಗುತ್ತದೆ. ಅಂತಹ ವಸ್ತುಗಳು ನೂರಕ್ಕೆ ಇಪ್ಪತ್ತೈದನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯುವ ಯಂತ್ರವಿಲ್ಲ. ಎಣ್ಣೆ ಕಪ್ಪಗಾಗಿ, ಜಿಗುಟಾಗಿ, ನೊರೆ ಬಂದು, ಬೇಗ ಹೊಗೆಯಾಡಿದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಿರಿ.

ಕರಿಯುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿರಿ. ಮಕ್ಕಳನ್ನು ಒಲೆಯ ಬಳಿಗೆ ಬಿಡಬೇಡಿರಿ. ಆ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಳ್ಳುವುದು ತಂದೆಯ ಕೆಲಸವಾಗಲಿ. ಇಲ್ಲವೇ ಕರಿಯುವ ಕೆಲಸವನ್ನೇ ಆತ ವಹಿಸಿಕೊಳ್ಳಲಿ. ತಳ್ಳುಗಾಡಿಗಳಲ್ಲಿ ಜಾಲರಿ ಹಿಡಿದು ನಿಲ್ಲುವವರು ಹೆಚ್ಚಾಗಿ ಗಂಡಸರೇ ಅಲ್ಲವೇ? ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿರಿ. ಗ್ಯಾಸು ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಿರಿ. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಬಿಟ್ಟು, ಮಸಿ, ಹಲ್ಲಿನ ಪೇಸ್ಟು ಮುಂತಾದುವನ್ನು ಹಚ್ಚದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾರಿಗೆ ಎಷ್ಟು?

ನೂರು ಗ್ರಾಂ ಕೋಳಿಮಾಂಸದಲ್ಲಿ ಸುಮಾರು ಇಪ್ಪತ್ತು ಗ್ರಾಂ ಸಸಾರಜನಕವಿದೆ. ಮೈ ಬೆಳೆಯಲು, ಹೊಟ್ಟೆಯೊಳಗಿನ ಕೂಸು ಬಲಿಯಲು ಇದು ಬೇಕು. ಮಾಂಸಕ್ಕೆ ಇನ್ನೊಂದು ಗುಣವೂ ಉಂಟು. ಅದನ್ನು ಸೊಪ್ಪು, ಕಾಳು, ರಾಗಿಯೊಡನೆ ಉಂಡರೆ ಅವುಗಳಲ್ಲಿರುವ ಕಬ್ಬಿಣಾಂಶವನ್ನೂ ದೇಹವು ಹೆಚ್ಚಾಗಿ ಹೀರಿಕೊಳ್ಳುತ್ತದೆ. ನಿಂಬೆರಸವೂ ಹಾಗೆಯೇ ನೆರವಾಗುತ್ತದೆ. ಆದ್ದರಿಂದ ಮುದ್ದೆ, ಸೊಪ್ಪಿನ ಸಾರು, ಪಕ್ಕದಲ್ಲಿ ಮೂರು ನಾಲ್ಕು ತುಂಡು ಕಬಾಬು, ಮೇಲೆ ನಿಂಬೆಹಣ್ಣು ಹಿಂಡಿದರೆ ಅದು ಒಳ್ಳೆಯ ಊಟ. ಊಟದೊಡನೆ ಚಹಾ, ಕಾಫಿ ಬೇಡ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಬಡಿಸುವಾಗ ಮೊದಲ ಪಾಲು ಬಸುರಿಗೂ ಬಾಣಂತಿಗೂ ಬೆಳೆಯುವ ಮಕ್ಕಳಿಗೂ ಸಲ್ಲಲಿ. ಮಗನಿಗೆ ತೊಡೆ, ಮಗಳಿಗೆ ರೆಕ್ಕೆಯ ತುದಿ ಎಂಬ ಭೇದ ಬೇಡ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದ ಮಸಾಲೆಯನ್ನು ಬಳಿದು ತಿನ್ನುವ ತಾಯಿಯ ವಾಡಿಕೆಯನ್ನು ತಪ್ಪಿಸಲು ಒಂದೇ ಉಪಾಯ, ಎಲ್ಲರೂ ಒಟ್ಟಿಗೆ ಉಣ್ಣಲು ಕೂಡುವುದು. ಚಿಕ್ಕ ಮಕ್ಕಳಿಗೆ ಮೂಳೆ ತೆಗೆದು, ಮೇಲಿನ ಖಾರದ ಪದರವನ್ನು ಬಿಡಿಸಿ, ಒಳಗಿನ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಕೊಡಿರಿ. ರಕ್ತದೊತ್ತಡ, ಹೃದ್ರೋಗ ಇರುವ ಹಿರಿಯರಿಗೆ ಕರಿದದ್ದಕ್ಕಿಂತ ಬೇಯಿಸಿದ ಮಾಂಸ ಲೇಸು.

ಕರಿದ ತಿನಿಸು ದಿನನಿತ್ಯದ ಆಹಾರವಲ್ಲ. ಹದಿನೈದು ದಿನಕ್ಕೊಮ್ಮೆ ಸಾಕು. ಉಳಿದ ದಿನಗಳಲ್ಲಿ ಮೊಟ್ಟೆ, ಬೇಳೆ, ಅವರೆಕಾಳು, ಸೊಪ್ಪು, ಕೋಳಿಸಾರು ಇರಲಿ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಎಣ್ಣೆಯ ಮಟ್ಟಿಗೆ ನೂರಕ್ಕೆ ನೂರು ನಿಜ.

ಊಟವೊಂದರಿಂದಲೇ ರಕ್ತಹೀನತೆ ನೀಗುವುದಿಲ್ಲ. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ಕನಿಷ್ಠ 180 ದಿನ ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆಯನ್ನು ತೆಗೆದುಕೊಳ್ಳಬೇಕು. ಇದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಒಂದು ಹೆರಿಗೆಯಲ್ಲಿ ಬರಿದಾದ ತಾಯಿಯ ಕಬ್ಬಿಣದ ಕಣಜ ಮತ್ತೆ ತುಂಬಲು ಕಾಲ ಬೇಕು. ಆದ್ದರಿಂದ ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸುವ ಮುನ್ನ ಕನಿಷ್ಠ ಎರಡು ವರ್ಷ ಕಳೆಯಲಿ. ಅದಕ್ಕೆ ತಕ್ಕ ವಿಧಾನಗಳನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಗಂಡಹೆಂಡಿರಿಬ್ಬರೂ ಕೂಡಿಯೇ ಕೇಳಿ ತಿಳಿಯಿರಿ.

ಮಾನ್ಯರೇ, ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಹಂಚಿ ಉಣ್ಣಬಲ್ಲ ಮನೆಗೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಬರುವ ಸಂಬಳದ ದಿನ ಕೆಲಸದಿಂದ ಹಿಂದಿರುಗುವಾಗ ಅರ್ಧ ಕಿಲೋ ಮಾಂಸ, ಒಂದು ನಿಂಬೆಹಣ್ಣು, ಒಂದು ಕಟ್ಟು ಸೊಪ್ಪನ್ನು ಮನೆಗೆ ಕೊಂಡೊಯ್ಯಿರಿ. ಬಾಣಲೆ ಇಳಿಸಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಬಿಸಿಬಿಸಿಯಾಗಿ ತಿನ್ನಿರಿ.